ಸಮುದ್ರದ ಅಗಾಧವೂ ನಮ್ಮ ಪಾಪನಿವೇದನೆಯೂ: ಆಳಸಮುದ್ರದ ಪ್ಲಾಸ್ಟಿಕ್ ಮಾಲಿನ್ಯ ಕುರಿತು ಒಂದು ದೈವಶಾಸ್ತ್ರೀಯ ವಿವೇಚನೆ

ಪೀಠಿಕೆ

ಪಾಪಕ್ಷಮೆಯ ಕುರಿತು ಪ್ರಸಂಗಿಸುವ ಸಭಾಪಾಲಕರು ಮೀಕನ ಗ್ರಂಥದ ಕೊನೆಯ ವಚನಗಳನ್ನು ನೆನೆಯದೆ ಇರುವುದು ಅಪರೂಪ. ಕರುಣಾಳುವಾದ ದೇವರು ತನ್ನ ಜನರ ಪಾಪಗಳನ್ನು ಸಮುದ್ರದ ಆಳಕ್ಕೆ ಎಸೆಯುವ ಚಿತ್ರ ಅಲ್ಲಿದೆ (ಮೀಕ 7:19). ಸಮುದ್ರದ ತಳದ ಬಗ್ಗೆ ಕೇಳುಗರು ಮೊದಲೇ ಇಟ್ಟುಕೊಂಡಿರುವ ಒಂದು ಭಾವನೆಯಿಂದ ಈ ಚಿತ್ರಕ್ಕೆ ಬಲ ಬಂದಿದೆ. ಅಲ್ಲಿಗೆ ಹೋದದ್ದು ಹಿಂದಿರುಗುವುದಿಲ್ಲ. ಅದನ್ನು ಯಾರೂ ಕಾಣುವುದಿಲ್ಲ. ಕಾಣದಿರುವುದು ಇಲ್ಲದ್ದಕ್ಕೆ ಸಮಾನ ಎಂಬುದೇ ಆ ಭಾವನೆ.

ಕಳೆದ ಕೆಲವು ದಶಕಗಳ ಸಮುದ್ರವಿಜ್ಞಾನವು ಈ ಭಾವನೆಯನ್ನು ಅಲುಗಿಸಿದೆ. ಮನುಷ್ಯನು ಎಸೆದದ್ದು ಸಮುದ್ರದ ಅತ್ಯಂತ ಆಳದ ಸ್ಥಳವನ್ನು ತಲುಪಿದೆ; ತಲುಪಿದ್ದು ಅಳಿಯದೆ ಉಳಿದಿದೆ; ಉಳಿದದ್ದು ಅಲ್ಲಿನ ಜೀವಿಗಳ ಹೊಟ್ಟೆಯನ್ನು ಸೇರಿದೆ. ಹಾಗಾದರೆ ಮೀಕನ ಚಿತ್ರವನ್ನು ನಾವು ಇಂದು ಹೇಗೆ ಸಾರಬೇಕು? ದೇವರ ಎಸೆಯುವಿಕೆಗೂ ನಮ್ಮ ಎಸೆಯುವಿಕೆಗೂ ಇರುವ ವ್ಯತ್ಯಾಸವೇನು? ತೆಗೆದು ಸರಿಪಡಿಸಲು ಸಾಧ್ಯವೇ ಇಲ್ಲದ ಒಂದು ಹಾನಿಯ ಮುಂದೆ ಪಶ್ಚಾತ್ತಾಪ ಎಂಬ ಪದಕ್ಕೆ ಅರ್ಥವೇನು? ಈ ಪ್ರಶ್ನೆಗಳನ್ನು ವಿವೇಚಿಸುವುದು ಈ ಲೇಖನದ ಉದ್ದೇಶ. ಮೊದಲು ವಿಷಯದ ವಾಸ್ತವಾಂಶಗಳನ್ನು ವಿವರಿಸಿ, ಬಳಿಕ ಸತ್ಯವೇದದ ಸಾಕ್ಷ್ಯವನ್ನು ಪರಿಶೀಲಿಸಲಾಗುವುದು.

1. ಬರಿದೆಂದು ಭಾವಿಸಲಾಗಿದ್ದ ಸ್ಥಳ

ಸಾಮಾನ್ಯವಾಗಿ 200 ಮೀಟರಿಗಿಂತ ಕೆಳಗಿನ ಜಲರಾಶಿಯನ್ನು ಆಳಸಮುದ್ರ ಎನ್ನುತ್ತಾರೆ. ಅಲ್ಲಿಂದ ಕೆಳಗೆ ಸೂರ್ಯನ ಬೆಳಕು ಬೇಗನೆ ಕ್ಷೀಣಿಸುತ್ತದೆ. 1,000 ಮೀಟರ್ ದಾಟಿದ ಮೇಲೆ ಕತ್ತಲೆಯೇ. ಸಾಗರಗಳ ಸರಾಸರಿ ಆಳ ಸುಮಾರು 3,700 ಮೀಟರ್ ಆಗಿರುವುದರಿಂದ, ಭೂಮಿಯ ಮೇಲ್ಮೈಯ ಅರ್ಧಕ್ಕಿಂತ ಹೆಚ್ಚು ಭಾಗ ಈ ಕತ್ತಲೆಯ ಅಡಿಯಲ್ಲಿದೆ. ತಳದ ನೀರು ಬಹುತೇಕ ಕಡೆ ಕೊರೆಯುವಷ್ಟು ತಣ್ಣಗಿರುತ್ತದೆ. ಪಶ್ಚಿಮ ಪೆಸಿಫಿಕ್ ಸಾಗರದ ಮರಿಯಾನಾ ಕಂದಕದಲ್ಲಿ ಆಳವು ಸುಮಾರು 10,900 ಮೀಟರಿಗೆ ಇಳಿಯುತ್ತದೆ. ಅಲ್ಲಿನ ಒತ್ತಡ ನಾವು ನೆಲದ ಮೇಲೆ ಅನುಭವಿಸುವ ಗಾಳಿಯ ಒತ್ತಡದ ಸಾವಿರ ಪಟ್ಟಿಗೂ ಅಧಿಕ.

ಇಂಥ ಸ್ಥಳದಲ್ಲಿ ಜೀವವಿರದು ಎಂಬ ಊಹೆ ಹಿಂದೆ ವಿದ್ವಾಂಸರಲ್ಲೂ ಇತ್ತು. ಬ್ರಿಟಿಷ್ ನಿಸರ್ಗವಿಜ್ಞಾನಿ ಎಡ್ವರ್ಡ್ ಫೋರ್ಬ್ಸ್ 1840ರ ದಶಕದಲ್ಲಿ ಏಜಿಯನ್ ಸಮುದ್ರವನ್ನು ಅಭ್ಯಸಿಸಿ, ಸುಮಾರು 550 ಮೀಟರಿನಿಂದ ಕೆಳಗೆ ಜೀವರಾಶಿ ಇರಲಾರದೆಂಬ ಸಿದ್ಧಾಂತವನ್ನು ಮಂಡಿಸಿದನು. 1872ರಿಂದ 1876ರವರೆಗೆ ಸಾಗರಗಳನ್ನು ಸುತ್ತಿದ ಚಾಲೆಂಜರ್ ನೌಕೆಯ ಯಾತ್ರೆಯು ಸಾವಿರಾರು ಮೀಟರ್ ಆಳದಿಂದ ಜೀವಿಗಳನ್ನು ಮೇಲೆತ್ತಿ ಆ ಸಿದ್ಧಾಂತಕ್ಕೆ ಕೊನೆ ಹಾಡಿತು. 1960ರ ಜನವರಿ 23ರಂದು ಜಾಕ್ ಪಿಕಾರ್ಡ್ ಮತ್ತು ಡಾನ್ ವಾಲ್ಶ್ ಟ್ರಿಯೆಸ್ಟ್ ಎಂಬ ಜಲಾಂತರ ನೌಕೆಯಲ್ಲಿ ಮರಿಯಾನಾ ಕಂದಕದ ತಳಕ್ಕೆ ಇಳಿದರು. ಆದರೂ ಆಳಸಮುದ್ರವು ಬರಿದು, ನಿರ್ಜೀವ, ಯಾರಿಗೂ ಸೇರದ ಸ್ಥಳ ಎಂಬ ಭಾವನೆ ಜನಮನದಿಂದ ಪೂರ್ತಿಯಾಗಿ ಹೋಗಲಿಲ್ಲ.

ಅಲ್ಲಿನ ಜೀವಿಗಳು ಬದುಕುವ ರೀತಿಯನ್ನು ಗಮನಿಸಬೇಕು. ಬೆಳಕಿಲ್ಲದ ಕಡೆ ಸಸ್ಯ ಬೆಳೆಯದು. ತಳದಲ್ಲಿನ ಬಿಸಿನೀರಿನ ಬುಗ್ಗೆಗಳಂಥ ಕೆಲವು ಸ್ಥಳಗಳನ್ನು ಬಿಟ್ಟರೆ ಆಳದ ಜೀವಿಗಳೆಲ್ಲ ಮೇಲಿನಿಂದ ಬೀಳುವುದನ್ನೇ ನಂಬಿವೆ. ಸತ್ತ ಸೂಕ್ಷ್ಮಜೀವಿಗಳು, ಜಲಚರಗಳ ಮಲ, ಲೋಳೆಯ ತುಣುಕುಗಳು ಅಂಟಿಕೊಂಡು ಸಣ್ಣ ಸಣ್ಣ ಬಿಳಿಯ ಚೂರುಗಳಾಗಿ ಎಡೆಬಿಡದೆ ಕೆಳಗೆ ಇಳಿಯುತ್ತವೆ. ವಿಜ್ಞಾನಿಗಳು ಇದಕ್ಕೆ ಸಾಗರದ ಹಿಮ ಎಂದು ಹೆಸರಿಟ್ಟಿದ್ದಾರೆ. ಸಮುದ್ರದ ಜೀವಿಗಳೂ ಹೊತ್ತಿಗೆ ಸರಿಯಾಗಿ ಬರುವ ಆಹಾರಕ್ಕಾಗಿ ದೇವರ ಕಡೆಗೆ ನೋಡುತ್ತವೆಂಬ 104ನೆಯ ಕೀರ್ತನೆಯ ನುಡಿಗೆ, ಕೀರ್ತನೆಗಾರನು ಎಂದೂ ಕಾಣದ ಆಳದಲ್ಲಿ ಹೀಗೊಂದು ನಿದರ್ಶನವಿದೆ.

2. ಪ್ಲಾಸ್ಟಿಕ್ ತಳಕ್ಕೆ ಇಳಿಯುವ ಬಗೆ

1950ರಿಂದ 2015ರವರೆಗೆ ಜಗತ್ತಿನಲ್ಲಿ ತಯಾರಾದ ಪ್ಲಾಸ್ಟಿಕ್ ಸುಮಾರು 830 ಕೋಟಿ ಟನ್ ಎಂದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜಿಸಿತು. ಅದರಲ್ಲಿ ಕಸವಾಗಿ ಪರಿಣಮಿಸಿದ್ದರ ಪೈಕಿ ಮರುಬಳಕೆಗೆ ಬಂದದ್ದು ಶೇಕಡಾ 9ರಷ್ಟು ಮಾತ್ರ. 2010ರ ಒಂದೇ ವರ್ಷದಲ್ಲಿ ಕರಾವಳಿ ದೇಶಗಳ ನೆಲದಿಂದ 48 ಲಕ್ಷ ಟನ್ನಿನಿಂದ 1 ಕೋಟಿ 27 ಲಕ್ಷ ಟನ್ನಿನವರೆಗೆ ಪ್ಲಾಸ್ಟಿಕ್ ಸಮುದ್ರ ಸೇರಿತೆಂಬುದು ಇನ್ನೊಂದು ಅಧ್ಯಯನದ ಅಂದಾಜು. ಆದರೆ ಸಮುದ್ರದ ಮೇಲ್ಮೈಯಲ್ಲಿ ತೇಲುತ್ತಿರುವುದನ್ನು ಲೆಕ್ಕ ಹಾಕಿದಾಗ ದೊರೆತದ್ದು ಸುಮಾರು 2 ಲಕ್ಷ 69 ಸಾವಿರ ಟನ್ ಮಾತ್ರ. ಉಳಿದದ್ದು ಎಲ್ಲಿ ಹೋಯಿತು? ಸ್ವಲ್ಪ ಭಾಗ ಕಡಲತೀರಗಳಲ್ಲಿದೆ, ಸ್ವಲ್ಪ ಭಾಗ ಜೀವಿಗಳ ದೇಹದಲ್ಲಿದೆ; ದೊಡ್ಡ ಭಾಗವೊಂದು ಕೆಳಗೆ ಇಳಿದಿದೆ.

ಇಳಿಯುವ ದಾರಿಗಳು ಹಲವು. ಪಾನೀಯದ ಬಾಟಲಿ ಹಾಗೂ ಪಾಲಿಯೆಸ್ಟರ್ ಬಟ್ಟೆಯ ಎಳೆಗಳಿಗೆ ಬಳಸುವ ಪಿಇಟಿ, ಕೊಳವೆಗಳಿಗೆ ಬಳಸುವ ಪಿವಿಸಿ ಮುಂತಾದವು ಸಮುದ್ರದ ನೀರಿಗಿಂತ ಸಾಂದ್ರವಾದುದರಿಂದ ತಾವಾಗಿ ಮುಳುಗುತ್ತವೆ. ಕೈಚೀಲಗಳಲ್ಲಿರುವ ಪಾಲಿಥೀನ್ ಹಗುರವಾದುದರಿಂದ ತೇಲುತ್ತದೆ. ಆದರೆ ಕಾಲಕ್ರಮದಲ್ಲಿ ಅದರ ಮೇಲೆ ಪಾಚಿಯೂ ಸೂಕ್ಷ್ಮಜೀವಿಗಳೂ ಚಿಪ್ಪುಪ್ರಾಣಿಗಳೂ ಬೆಳೆದು ಭಾರವಾಗಿ ಅದನ್ನೂ ಕೆಳಕ್ಕೆ ಎಳೆಯುತ್ತವೆ. ಬಿಸಿಲು ಅಲೆಗಳಿಂದ ಪುಡಿಯಾದ ಸೂಕ್ಷ್ಮ ಕಣಗಳನ್ನು ಮೇಲ್ಭಾಗದ ಜೀವಿಗಳು ನುಂಗುತ್ತವೆ. ಅವುಗಳ ಮಲದ ಜೊತೆ ಕಣಗಳು ಇಳಿಯುತ್ತವೆ. ಹೀಗೆ ಸಾಗರದ ಹಿಮದ ಜೊತೆ ಪ್ಲಾಸ್ಟಿಕ್ಕೂ ಬೆರೆತು ಬೀಳುತ್ತದೆ. ಆಳದ ಜೀವಿಗಳಿಗೆ ಆಹಾರ ಬರುವ ದಾರಿಯಲ್ಲಿಯೇ ನಮ್ಮ ಕಸವೂ ಬರುತ್ತಿದೆ ಎಂಬುದು ಈ ಇಡೀ ವಿಷಯದಲ್ಲಿ ನಾವು ಮರೆಯಬಾರದ ಸಂಗತಿ.

ತಳ ತಲುಪಿದ ಕಣಗಳು ಎಲ್ಲೆಡೆ ಸಮವಾಗಿ ಹರಡುವುದಿಲ್ಲ. ಸಮುದ್ರದೊಳಗಿನ ಕಣಿವೆಗಳ ಮೂಲಕ ಕೆಸರಿನ ಪ್ರವಾಹಗಳು ಅವನ್ನು ಹೊತ್ತೊಯ್ಯುತ್ತವೆ. ತಳದ ಹರಿವುಗಳು ಕೆಲವು ಕಡೆ ಗುಡ್ಡೆ ಹಾಕುತ್ತವೆ. ಇಟಲಿಯ ಪಶ್ಚಿಮಕ್ಕಿರುವ ಟಿರ್ರೇನಿಯನ್ ಸಮುದ್ರದ ತಳದಲ್ಲಿ, ಒಂದು ಚದರ ಮೀಟರ್ ವಿಸ್ತಾರದ ತೆಳುವಾದ ಕೆಸರಿನ ಪದರದಲ್ಲಿ 19 ಲಕ್ಷದವರೆಗೆ ಪ್ಲಾಸ್ಟಿಕ್ ಕಣಗಳಿರುವುದನ್ನು 2020ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಅದೇ ವರ್ಷ ಆಸ್ಟ್ರೇಲಿಯದ ರಾಷ್ಟ್ರೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಜಗತ್ತಿನ ಸಮುದ್ರತಳದಲ್ಲಿ ಸುಮಾರು 1 ಕೋಟಿ 40 ಲಕ್ಷ ಟನ್ ಸೂಕ್ಷ್ಮ ಪ್ಲಾಸ್ಟಿಕ್ ಇರಬಹುದೆಂದು ಅಂದಾಜಿಸಿದರು.

ಸಮುದ್ರದಿಂದ ದೂರದಲ್ಲಿರುವ ಸಭೆಗಳು ಇದು ತಮಗೆ ಸಂಬಂಧಿಸಿದ್ದಲ್ಲ ಎಂದುಕೊಳ್ಳಬಾರದು. ಬೆಂಗಳೂರಿನ ಕೊಳೆಯನ್ನು ಹೊತ್ತ ವೃಷಭಾವತಿ ಅರ್ಕಾವತಿಯನ್ನು ಸೇರುತ್ತದೆ, ಅರ್ಕಾವತಿ ಕಾವೇರಿಯನ್ನು, ಕಾವೇರಿ ಬಂಗಾಳ ಕೊಲ್ಲಿಯನ್ನು. ನೇತ್ರಾವತಿ ಮಂಗಳೂರಿನಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ದಾರಿಯ ಅಣೆಕಟ್ಟುಗಳಲ್ಲೂ ಕೆರೆಗಳಲ್ಲೂ ಬಹಳಷ್ಟು ಕಸ ತಡೆದು ನಿಂತರೂ ಮಳೆಗಾಲದ ನೆರೆಗೆ ಒಳನಾಡು ಕರಾವಳಿ ಎಂಬ ಭೇದವಿಲ್ಲ.

3. ಅಳಿಯದೆ ಉಳಿದ ಸಾಕ್ಷ್ಯಗಳು

ಜಪಾನಿನ ಸಮುದ್ರವಿಜ್ಞಾನ ಸಂಸ್ಥೆಯು ಸುಮಾರು 30 ವರ್ಷಗಳ ಅವಧಿಯ 5,010 ಮುಳುಗುಯಾತ್ರೆಗಳ ಚಿತ್ರಗಳನ್ನೂ ದೃಶ್ಯಮುದ್ರಿಕೆಗಳನ್ನೂ ಪರಿಶೀಲಿಸಿ 2018ರಲ್ಲಿ ವರದಿ ಪ್ರಕಟಿಸಿತು. ಮನುಷ್ಯನಿರ್ಮಿತ ಕಸದ 3,425 ವಸ್ತುಗಳು ಅವುಗಳಲ್ಲಿ ಕಂಡವು. ಮೂರನೆಯ ಒಂದು ಭಾಗದಷ್ಟು ಪ್ಲಾಸ್ಟಿಕ್. ಆ ಪ್ಲಾಸ್ಟಿಕ್ಕಿನಲ್ಲಿ ಶೇಕಡಾ 89ರಷ್ಟು ಒಂದೇ ಸಲ ಬಳಸಿ ಬಿಸಾಡುವಂಥದ್ದು. 6,000 ಮೀಟರಿಗಿಂತ ಕೆಳಗೆ ಹೋದಂತೆ ಪ್ಲಾಸ್ಟಿಕ್ಕಿನ ಪಾಲು ಶೇಕಡಾ 52ಕ್ಕೂ, ಅದರಲ್ಲಿ ಒಂದೇ ಸಲದ ಬಳಕೆಯದು ಶೇಕಡಾ 92ಕ್ಕೂ ಏರಿತು. ಅತಿ ಆಳದಲ್ಲಿ ಕಂಡದ್ದು ಮರಿಯಾನಾ ಕಂದಕದ 10,898 ಮೀಟರಿನಲ್ಲಿದ್ದ ಒಂದು ಪ್ಲಾಸ್ಟಿಕ್ ಚೀಲ. ಅದರ ಚಿತ್ರ ತೆಗೆದದ್ದು 1998ರಲ್ಲಿ.

ಇಂಥ ಚೀಲ ಅಲ್ಲಿ ಎಷ್ಟು ಕಾಲ ಉಳಿಯುತ್ತದೆ? ದಕ್ಷಿಣ ಅಮೆರಿಕದ ಪಶ್ಚಿಮಕ್ಕಿರುವ ಪೆರು ಜಲಾನಯನದಲ್ಲಿ, 4,000 ಮೀಟರಿಗೂ ಹೆಚ್ಚು ಆಳದಿಂದ ಜರ್ಮನಿಯ ಸಂಶೋಧಕರು 2015ರಲ್ಲಿ ಒಂದು ಪ್ಲಾಸ್ಟಿಕ್ ಚೀಲವನ್ನೂ ಒಂದು ಮೊಸರುಗಿಣ್ಣಿನ ಡಬ್ಬಿಯನ್ನೂ ಮೇಲೆತ್ತಿದರು. ಚೀಲದೊಳಗೆ 1988ರ ಟೆನಿಸ್ ಪಂದ್ಯಾವಳಿಯೊಂದರ ಗುರುತು ಹೊತ್ತ ತಂಪು ಪಾನೀಯದ ಡಬ್ಬಿ ಇದ್ದುದರಿಂದ ಅದು ಎರಡು ದಶಕಗಳಿಗೂ ಹಿಂದಿನದೆಂದು ತಿಳಿಯಿತು. ಇಷ್ಟು ಕಾಲವಾದರೂ ಪ್ಲಾಸ್ಟಿಕ್ ಶಿಥಿಲಗೊಂಡ ಗುರುತಿರಲಿಲ್ಲ. ಪ್ಲಾಸ್ಟಿಕ್ಕನ್ನು ಮುಖ್ಯವಾಗಿ ಒಡೆಯುವುದು ಬಿಸಿಲು, ಶಾಖ, ಅಲೆಗಳ ತಿಕ್ಕಾಟ. ಇವು ಮೂರೂ ಆಳದಲ್ಲಿಲ್ಲ. ಕಣ್ಣಿಗೆ ಕಾಣದಂತೆ ಎಸೆದದ್ದು, ಕಾಣದ ಸ್ಥಳದಲ್ಲಿರುವ ಕಾರಣದಿಂದಲೇ ಹೆಚ್ಚು ಕಾಲ ಉಳಿಯುತ್ತದೆ.

ಜೀವಿಗಳ ಮೇಲಿನ ಪರಿಣಾಮಕ್ಕೂ ಸಾಕ್ಷ್ಯವಿದೆ. ಬ್ರಿಟನ್ನಿನ ನ್ಯೂಕಾಸಲ್ ವಿಶ್ವವಿದ್ಯಾನಿಲಯದ ಅಲನ್ ಜೇಮಿಸನ್ ಮತ್ತು ಸಂಗಡಿಗರು ಪೆಸಿಫಿಕ್ ಅಂಚಿನ ಆರು ಕಂದಕಗಳಿಂದ ಆಂಫಿಪಾಡ್ ಎಂಬ, ಸೀಗಡಿಯನ್ನು ಹೋಲುವ 90 ಜೀವಿಗಳನ್ನು ತೆಗೆದು ಪರೀಕ್ಷಿಸಿದರು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ ಶೇಕಡಾ 72ಕ್ಕೂ ಹೆಚ್ಚು ಜೀವಿಗಳ ಹೊಟ್ಟೆಯಲ್ಲಿ ಒಂದಾದರೂ ಕೃತಕ ಎಳೆ ಅಥವಾ ಕಣವಿತ್ತು. ಮರಿಯಾನಾ ಕಂದಕದ ತಳದಿಂದ ಬಂದವುಗಳಲ್ಲಿ ಒಂದೂ ಬಿಡುಗಡೆ ಹೊಂದಿರಲಿಲ್ಲ.

2020ರಲ್ಲಿ ಇದೇ ಕಂದಕದಿಂದ ವಿಜ್ಞಾನಕ್ಕೆ ಅದುವರೆಗೆ ತಿಳಿದಿರದ ಒಂದು ಆಂಫಿಪಾಡ್ ಜಾತಿಯನ್ನು ವಿವರಿಸಲಾಯಿತು. 6,000 ಮೀಟರಿಗಿಂತ ಕೆಳಗೆ ಬದುಕುವ ಆ ಜೀವಿಯ ಒಡಲಲ್ಲಿ ಪಿಇಟಿಯನ್ನು ಹೋಲುವ ಎಳೆಯೊಂದು ದೊರೆಯಿತು. ಆದ್ದರಿಂದ ವಿಜ್ಞಾನಿಗಳು ಅದಕ್ಕೆ ಯೂರಿಥೆನಿಸ್ ಪ್ಲಾಸ್ಟಿಕಸ್ ಎಂದು ಹೆಸರಿಟ್ಟರು. ಏದೆನಿನಲ್ಲಿ ದೇವರು ಜೀವಿಗಳನ್ನು ಮನುಷ್ಯನ ಬಳಿಗೆ ತಂದು, ಅವನು ಏನು ಹೆಸರಿಡುವನೋ ನೋಡಿದನು (ಆದಿಕಾಂಡ 2:19). ಆ ನೇಮಕ ಇನ್ನೂ ಮುಂದುವರಿದಿದೆ ಎನ್ನುವುದಾದರೆ, ನಾವು ಮೊದಲ ಬಾರಿಗೆ ಕಂಡ ಒಂದು ಜೀವಿಗೆ ನಮ್ಮ ಕಸದ ಹೆಸರನ್ನೇ ಇಡಬೇಕಾಗಿ ಬಂದಿದೆ. ಹಾಗೆ ಹೆಸರಿಟ್ಟವರನ್ನು ದೂಷಿಸುವ ಹಾಗಿಲ್ಲ. ಆ ಹೆಸರು ಒಂದು ಪಾಪನಿವೇದನೆ.

4. ಸತ್ಯವೇದದಲ್ಲಿ ಅಗಾಧ

ಆದಿಸಾಗರ ಎಂದು ನಮಗೆ ಪರಿಚಿತವಾಗಿರುವ ಪದದ ಹಿಂದಿರುವುದು ತೆಹೋಮ್ ಎಂಬ ಇಬ್ರಿಯ ಪದ. ಬಾಬೆಲಿನ ಸೃಷ್ಟಿಕಥೆಯ ತಿಯಾಮತ್ ಎಂಬ ಸಮುದ್ರದೇವತೆಯ ಹೆಸರಿಗೂ ಇದಕ್ಕೂ ಭಾಷಾಸಂಬಂಧವಿರುವುದನ್ನು ಗಮನಿಸಿ, ಹೆರ್ಮನ್ ಗುಂಕೆಲ್ 1895ರಲ್ಲಿ ಸೃಷ್ಟಿ ಮತ್ತು ಅವ್ಯವಸ್ಥೆಯ ಹೋರಾಟದ ವಿಷಯವನ್ನು ಚರ್ಚೆಗೆ ತಂದನು. ಅಂದಿನಿಂದ ಸಮುದ್ರವನ್ನು ದೇವರ ಎದುರಾಳಿಯಾಗಿ, ಅವ್ಯವಸ್ಥೆಯ ಗುರುತಾಗಿ ಓದುವುದು ನಮ್ಮ ತರಗತಿಗಳಲ್ಲಿ ವಾಡಿಕೆಯಾಗಿದೆ. ಇದಕ್ಕೆ ಆಧಾರವಿದೆ. ಆದರೆ ಇದೊಂದನ್ನೇ ಹಿಡಿದರೆ ಸಮುದ್ರದ ಆಳವು ಸೃಷ್ಟಿಯ ಹೊರಗಿನ ಸ್ಥಳವೆಂಬ ತಪ್ಪು ಅಭಿಪ್ರಾಯ ಮೂಡುತ್ತದೆ.

ಆದಿಕಾಂಡವು ಇನ್ನೊಂದು ದಿಕ್ಕನ್ನೂ ತೋರಿಸುತ್ತದೆ. ಐದನೆಯ ದಿನದಲ್ಲಿ ದೇವರು ಸಮುದ್ರದ ಮಹಾ ಜಂತುಗಳನ್ನು ಸೃಷ್ಟಿಸುತ್ತಾನೆ (1:21). ಬಾರಾ ಎಂಬ ಕ್ರಿಯಾಪದ ಮೊದಲ ವಚನದ ಬಳಿಕ ಮತ್ತೆ ಬರುವುದು ಇಲ್ಲಿಯೇ. ನೆರೆಯ ಜನಾಂಗಗಳು ಭಯಪಟ್ಟ ಜಂತುಗಳು ಇಲ್ಲಿ ದೇವರು ಒಳ್ಳೆಯದೆಂದು ಕಂಡ ಸೃಷ್ಟಿ. ಮರುವಚನದಲ್ಲಿ ದೇವರು ಅವನ್ನು ಆಶೀರ್ವದಿಸಿ, ಹೆಚ್ಚಿ ಸಮುದ್ರದ ನೀರನ್ನು ತುಂಬುವಂತೆ ಹೇಳುತ್ತಾನೆ. ಸತ್ಯವೇದದಲ್ಲಿ ದೇವರು ನುಡಿದ ಮೊದಲ ಆಶೀರ್ವಾದ ಇದೇ. ಮನುಷ್ಯನಿಗೆ ಆಶೀರ್ವಾದ ದೊರೆಯುವುದು ಇದಾದ ಮೇಲೆ. ಜೀವದಿಂದ ತುಂಬಿರಬೇಕೆಂದು ಆಶೀರ್ವದಿಸಲ್ಪಟ್ಟ ನೀರನ್ನು ನಾವು ಬೇರೆ ಯಾವುದರಿಂದ ತುಂಬುತ್ತಿದ್ದೇವೆ ಎಂಬ ಪ್ರಶ್ನೆ ಇಲ್ಲಿಂದ ಏಳುತ್ತದೆ.

104ನೆಯ ಕೀರ್ತನೆಯಲ್ಲಿ ಲೆವಿಯಾತಾನನು ಸಮುದ್ರದಲ್ಲಿ ಆಟವಾಡಲು ಉಂಟುಮಾಡಲ್ಪಟ್ಟವನು. ಮನುಷ್ಯನಿಗೆ ಅವನಿಂದ ಪ್ರಯೋಜನವೇನು ಎಂಬ ಪ್ರಶ್ನೆಯೇ ಅಲ್ಲಿಲ್ಲ. 148ನೆಯ ಕೀರ್ತನೆಯಲ್ಲಿ ಜಲಜಂತುಗಳೂ ಎಲ್ಲ ಅಗಾಧಗಳೂ ಯೆಹೋವನನ್ನು ಸ್ತುತಿಸಲು ಕರೆಯಲ್ಪಡುತ್ತವೆ (148:7). ಅಲ್ಲಿ ತೆಹೋಮ್ ಬಹುವಚನದಲ್ಲಿ ನಿಂತು ಆರಾಧನೆಯ ಸಭೆಯಲ್ಲಿ ಒಬ್ಬ ಸದಸ್ಯನಾಗಿದೆ. ದೇವರು ಯೋಬನನ್ನು ಸಮುದ್ರದ ಬುಗ್ಗೆಗಳಿಗೆ ಹೋಗಿ ಅದರ ತಳದಲ್ಲಿ ತಿರುಗಾಡಿದ್ದೀಯೋ ಎಂದು ಕೇಳುವಾಗ (ಯೋಬ 38:16), ಮನುಷ್ಯನು ತಲುಪದ ಸ್ಥಳವೂ ದೇವರಿಗೆ ಪರಿಚಿತ ಸ್ಥಳವೇ ಎಂದು ತಿಳಿಯಪಡಿಸುತ್ತಾನೆ. ಇಂದು ಮನುಷ್ಯನು ಆ ತಳಕ್ಕೆ ಹೋಗಬಲ್ಲನು. ಹೋದಾಗ ಅಲ್ಲಿ ತನ್ನ ಕಸ ತನಗಿಂತ ಮೊದಲೇ ಬಂದಿರುವುದನ್ನು ಕಾಣುತ್ತಾನೆ.

5. ದೇವರ ಎಸೆಯುವಿಕೆ, ನಮ್ಮ ಎಸೆಯುವಿಕೆ

ಈ ಹಿನ್ನೆಲೆಯಲ್ಲಿ ಮೀಕ 7:19ಕ್ಕೆ ಹಿಂದಿರುಗೋಣ. ಅಲ್ಲಿ ಎಸೆಯುವುದಕ್ಕೆ ಬಳಸಿರುವ ಹಿಶ್ಲೀಖ್ ಎಂಬ ಕ್ರಿಯಾಪದವೂ ಆಳಕ್ಕೆ ಬಳಸಿರುವ ಮೆಟ್ಸೂಲಾ ಎಂಬ ನಾಮಪದವೂ ಹಳೆಯ ಒಡಂಬಡಿಕೆಯಲ್ಲಿ ಬೇರೆ ಕಡೆಯೂ ಜೊತೆಯಾಗಿ ಬರುತ್ತವೆ. ನೆಹೆಮೀಯ 9:11ರಲ್ಲಿ ಇಸ್ರಾಯೇಲ್ಯರನ್ನು ಬೆನ್ನಟ್ಟಿದವರನ್ನು ದೇವರು ಆಳಕ್ಕೆ ಎಸೆದನೆಂಬ ಸ್ಮರಣೆಯಿದೆ. ವಿಮೋಚನಕಾಂಡ 15:5ರಲ್ಲಿ ಫರೋಹನ ಸೈನ್ಯವು ಕಲ್ಲಿನಂತೆ ಇಳಿದದ್ದೂ ಮೆಟ್ಸೂಲಾಕ್ಕೇ. ಐಗುಪ್ತದಿಂದ ಹೊರಬಂದ ಕಾಲವನ್ನು ಮೀಕನು ಕೆಲವೇ ವಚನಗಳ ಹಿಂದೆ ನೆನಪಿಸಿರುವುದರಿಂದ (7:15), ಚಿತ್ರದ ಅರ್ಥ ಸ್ಪಷ್ಟ. ದಾಸರನ್ನು ಬೆನ್ನಟ್ಟಿದ ಸೈನ್ಯದಂತೆ ಪಾಪವು ನಮ್ಮನ್ನು ಬೆನ್ನಟ್ಟುತ್ತಿದೆ. ದೇವರು ಅದರ ಶಕ್ತಿಯನ್ನು ಮುರಿಯುತ್ತಾನೆ. ಮುಚ್ಚಿಡುವ ಚಿತ್ರ ಇದಲ್ಲ, ಬಿಡುಗಡೆಯ ಚಿತ್ರ.

ಅದೇ ವಚನದ ಮೊದಲರ್ಧದಲ್ಲಿ ದೇವರು ನಮ್ಮ ಅಪರಾಧಗಳನ್ನು ತುಳಿದುಹಾಕುವನೆಂಬುದಕ್ಕೆ ಕಾಬಷ್ ಎಂಬ ಕ್ರಿಯಾಪದವಿದೆ. ಭೂಮಿಯನ್ನು ವಶಮಾಡಿಕೊಳ್ಳಿರೆಂದು ಮನುಷ್ಯನಿಗೆ ಹೇಳಿದ ಆದಿಕಾಂಡ 1:28ರಲ್ಲಿರುವುದೂ ಇದೇ ಪದ. ದೇವರು ತನ್ನ ಬಲವನ್ನು ತೋರಿಸುವುದು ಪಾಪವನ್ನು ತುಳಿಯುವುದರಲ್ಲಿ. ನಾವು ನಮ್ಮ ಬಲವನ್ನು ತೋರಿಸಿರುವುದು ಸೃಷ್ಟಿಯನ್ನು ತುಳಿಯುವುದರಲ್ಲಿ. ವಶಮಾಡಿಕೊಳ್ಳುವುದೆಂದರೇನು ಎಂಬುದಕ್ಕೆ ಮೀಕನ ದೇವರೇ ಮಾದರಿಯಾದರೆ, ಆದಿಕಾಂಡದ ಆ ವಚನದ ನಮ್ಮ ಓದು ಬದಲಾಗಬೇಕು.

ಮೂರನೆಯ ಸಾದೃಶ್ಯ ಯೋನನದು. ದೇವರು ತನ್ನನ್ನು ಆಳಕ್ಕೆ ಎಸೆದನೆಂದು ಅವನು ಮೀನಿನ ಹೊಟ್ಟೆಯಲ್ಲಿ ಹೇಳುವಾಗಲೂ (ಯೋನ 2:3) ಅದೇ ಹಿಶ್ಲೀಖ್, ಅದೇ ಮೆಟ್ಸೂಲಾ. ಯೆಹೂದ್ಯರು ದೋಷಪರಿಹಾರಕ ದಿನದ ಮಧ್ಯಾಹ್ನ ಯೋನನ ಗ್ರಂಥವನ್ನು ಓದಿ, ಅದರೊಂದಿಗೆ ಮೀಕ 7:18–20ನ್ನು ಸೇರಿಸಿ ಓದುತ್ತಾರೆ. ಈ ಜೋಡಣೆ ಅರ್ಥಪೂರ್ಣ. ಪಾಪಗಳು ಬಿದ್ದ ಆಳಕ್ಕೇ ಪ್ರವಾದಿಯೂ ಬಿದ್ದನು. ಅಲ್ಲಿಂದ ಮಾಡಿದ ಪ್ರಾರ್ಥನೆಯನ್ನು ದೇವರು ಕೇಳಿದನು. ದೇವರ ಸನ್ನಿಧಿಯಿಂದ ಓಡಿಹೋಗಲು ಸಮುದ್ರವನ್ನು ಆರಿಸಿಕೊಂಡವನಿಗೆ ಸಮುದ್ರದ ತಳವೇ ದೇವರ ಸನ್ನಿಧಿಯಾಯಿತು. ಸಮುದ್ರದ ತಳದಲ್ಲಿ ಅಡಗಿದರೂ ತಪ್ಪಿಸಿಕೊಳ್ಳಲಾಗದೆಂದು ಆಮೋಸನು ಹೇಳುವುದೂ ಇದನ್ನೇ (ಆಮೋಸ 9:3).

ಇಲ್ಲಿಂದ ಎರಡು ಎಸೆಯುವಿಕೆಗಳ ವ್ಯತ್ಯಾಸ ತಿಳಿಯಾಗುತ್ತದೆ. ಕೇಡಿಗೆ ಸ್ವಂತ ಸತ್ವವಿಲ್ಲ, ಅದು ಒಳ್ಳೆಯದರ ಕೊರತೆ ಎಂದು ಸಂತ ಆಗಸ್ಟಿನನು ಬೋಧಿಸಿದನು. ಪಾಪವು ಒಂದು ವಸ್ತುವಲ್ಲವಾದುದರಿಂದ ದೇವರು ಅದನ್ನು ಆಳಕ್ಕೆ ಎಸೆದಾಗ ಅಲ್ಲಿ ಏನೂ ಕೊಳೆಯಾಗುವುದಿಲ್ಲ, ಯಾವ ಜೀವಿಯೂ ಅದನ್ನು ನುಂಗುವುದಿಲ್ಲ. ಪ್ಲಾಸ್ಟಿಕ್ಕಾದರೋ ವಸ್ತು. ಅದಕ್ಕೆ ತೂಕವಿದೆ, ಅದು ಸ್ಥಳವನ್ನು ಆಕ್ರಮಿಸುತ್ತದೆ. ನಾವು ಎಸೆದಾಗ ಅದು ಕೈಯಿಂದ ಕೈಗೆ, ನಮ್ಮಿಂದ ಇನ್ನೊಂದು ಜೀವಿಗೆ ವರ್ಗಾವಣೆಯಾಗುತ್ತದೆ, ಅಷ್ಟೆ. ದೇವರು ಎಸೆಯುವಾಗ ನಮ್ಮ ಹೊರೆಯನ್ನು ತಾನು ಹೊರುತ್ತಾನೆ. ನಾವು ಎಸೆಯುವಾಗ ನಮ್ಮ ಹೊರೆಯನ್ನು ಇತರರ ಮೇಲೆ ಹೊರಿಸುತ್ತೇವೆ. ಮೊದಲನೆಯದು ಕ್ಷಮೆ, ಎರಡನೆಯದು ಮರೆಮಾಚುವಿಕೆ. ಎರಡನ್ನೂ ಒಂದೇ ಚಿತ್ರದಿಂದ ಬೋಧಿಸಿದರೆ ಸಭೆಯು ಕ್ಷಮೆಯನ್ನೇ ತಪ್ಪಾಗಿ ಅರ್ಥಮಾಡಿಕೊಳ್ಳುತ್ತದೆ.

6. ‘ಹೊರಗೆ’ ಎಂಬ ಸ್ಥಳ

ಎಸೆಯುವುದಕ್ಕೆ ಒಂದು ‘ಹೊರಗೆ’ ಬೇಕು. ಯಾಜಕಕಾಂಡ 16ರಲ್ಲಿ ಜನರ ಪಾಪಗಳನ್ನು ಹೊತ್ತ ಹೋತವು ಜನರಿಲ್ಲದ ಅರಣ್ಯಕ್ಕೆ ಹೋಗುತ್ತದೆ. ದೋಷಪರಿಹಾರಕ್ಕೆ ಬಲಿಯಾದ ಪಶುಗಳ ದೇಹಗಳು ಪಾಳೆಯದ ಹೊರಗೆ ಸುಡಲ್ಪಡುತ್ತವೆ. ಇಬ್ರಿಯರಿಗೆ ಬರೆದ ಪತ್ರಿಕೆ ಈ ನಿಯಮವನ್ನು ತೆಗೆದುಕೊಂಡು, ಯೇಸುವೂ ಊರಬಾಗಿಲ ಹೊರಗೆ ಶ್ರಮೆಪಟ್ಟನೆಂದೂ ನಾವು ಪಾಳೆಯದ ಹೊರಗೆ ಅವನ ಬಳಿಗೆ ಹೋಗಬೇಕೆಂದೂ ಕರೆಯುತ್ತದೆ (13:11–13). ಕ್ರಿಸ್ತನು ಅಲ್ಲಿಗೆ ಹೋದ ಮೇಲೆ ದೇವರಿಲ್ಲದ ಹೊರಗು ಎಂಬ ಸ್ಥಳ ಉಳಿದಿಲ್ಲ.

ನಮ್ಮ ನಾಡಿನ ಕ್ರೈಸ್ತರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರ ಹೊರಗಿನ ಕೇರಿ ಎಂದರೆ ಏನೆಂದು ನಮ್ಮ ಅನೇಕ ಸಭೆಗಳು ಪೀಳಿಗೆಗಳಿಂದ ಬಲ್ಲವು. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಅವರು 1980ರ ದಶಕದ ಆರಂಭದಲ್ಲಿ ಎತ್ತಿದ ಚಿಂತನೆಯಿಂದ ಬೆಳೆದ ದಲಿತ ದೈವಶಾಸ್ತ್ರವು, ಹೊರಗಿಡಲ್ಪಟ್ಟವರ ನೋವಿನಲ್ಲಿ ದೇವರನ್ನು ಗುರುತಿಸಲು ಕಲಿಸಿತು. ಊರಿನ ಕೊಳೆಯೂ ಆ ಕೊಳೆಯನ್ನು ತೆಗೆಯುವವರೂ ಒಂದೇ ‘ಹೊರಗೆ’ಗೆ ತಳ್ಳಲ್ಪಟ್ಟರು. ಇಂದಿಗೂ ನಮ್ಮ ಪ್ಲಾಸ್ಟಿಕ್ಕನ್ನು ಬರಿಗೈಯಿಂದ ಆರಿಸುವವರಲ್ಲಿ ಹೆಚ್ಚಿನವರು ಅದೇ ಕೇರಿಗಳವರು. ಆಳಸಮುದ್ರದ ಜೀವಿಯ ಸ್ಥಿತಿಯೂ ಮನುಷ್ಯನ ಅವಮಾನವೂ ಸಮಾನವೆಂದು ಹೇಳುವುದು ಇಲ್ಲಿನ ಉದ್ದೇಶವಲ್ಲ. ಆದರೆ ಯಾರದೂ ಅಲ್ಲದ ಸ್ಥಳ, ಲೆಕ್ಕಕ್ಕೆ ಬಾರದ ಬದುಕು ಎಂದು ನಿರ್ಧರಿಸಿ ಅಲ್ಲಿಗೆ ತಳ್ಳುವ ಮನಸ್ಸು ಎರಡೂ ಕಡೆ ಒಂದೇ.

7. ಮರಳಿ ಕೊಡಲಾಗದ ಋಣ

ಸತ್ಯವೇದದ ಪಶ್ಚಾತ್ತಾಪದಲ್ಲಿ ಅರಿಕೆಯ ಜೊತೆ ಮರಳಿ ಕೊಡುವುದೂ ಸೇರಿದೆ. ಜಕ್ಕಾಯನು ಅನ್ಯಾಯವಾಗಿ ಎತ್ತಿಕೊಂಡದ್ದಕ್ಕೆ ನಾಲ್ಕರಷ್ಟು ಕೊಡಲು ಮುಂದಾದನು (ಲೂಕ 19:8). ಆದರೆ ಆಳಸಮುದ್ರಕ್ಕೆ ನಾವು ಏನನ್ನು ಮರಳಿ ಕೊಡಬಲ್ಲೆವು? ಸಾವಿರಾರು ಮೀಟರ್ ಕೆಳಗೆ ಕೆಸರಿನಲ್ಲಿ ಬೆರೆತ ಕಣಗಳನ್ನು ಸೋಸಿ ತೆಗೆಯುವ ಉಪಾಯವಿಲ್ಲ. ತಳವನ್ನು ಕೆದಕಲು ಹೋದರೆ, ಉಳಿಸಬೇಕೆಂದ ಜೀವಿಗಳ ನೆಲೆಯನ್ನೇ ಕೆಡಿಸಿದಂತಾಗುತ್ತದೆ. ಇಲ್ಲಿ ನಮ್ಮ ಪಶ್ಚಾತ್ತಾಪ ಗೋಡೆಗೆ ಬಂದು ನಿಲ್ಲುತ್ತದೆ.

ಇಂಥ ಸಂದರ್ಭವನ್ನು ಧರ್ಮಶಾಸ್ತ್ರವು ಊಹಿಸಿದೆ. ಅರಣ್ಯಕಾಂಡ 5:5–8ರ ಪ್ರಕಾರ ತಪ್ಪು ಮಾಡಿದವನು ಅದನ್ನು ಅರಿಕೆಮಾಡಿ, ಪೂರ್ತಿ ಬೆಲೆಗೆ ಐದನೆಯ ಒಂದು ಭಾಗವನ್ನು ಕೂಡಿಸಿ ನಷ್ಟಹೊಂದಿದವನಿಗೆ ಕೊಡಬೇಕು. ಕೊಡಲು ಅವನೂ ಇಲ್ಲ, ಅವನ ಹತ್ತಿರದ ಬಂಧುವೂ ಇಲ್ಲ ಎಂದಾದರೆ? ಋಣ ರದ್ದಾಗುವುದಿಲ್ಲ. ಅದನ್ನು ಯೆಹೋವನಿಗೆ ಸಲ್ಲಿಸಬೇಕು. ಅದು ಯಾಜಕನ ಕೈ ಸೇರುತ್ತದೆ. ಪಡೆಯುವವನು ಇಲ್ಲದಿರುವುದು ಕೊಡುವವನಿಗೆ ಬಿಡುಗಡೆಯಲ್ಲ. ಸೃಷ್ಟಿಗೆ ಮಾಡಿದ, ಸರಿಪಡಿಸಲಾಗದ ಹಾನಿಯ ವಿಷಯದಲ್ಲಿ ನಮ್ಮ ದೈವಶಾಸ್ತ್ರಕ್ಕೆ ಈ ಕಡೆಗಣಿಸಲ್ಪಟ್ಟ ವಿಧಿಯಲ್ಲಿ ದಾರಿಯಿದೆ. ತಳದಲ್ಲಿರುವುದಕ್ಕೆ ನಾವು ಮರಳಿ ಕೊಡಲಾರೆವು. ಆದರೆ ಆ ಋಣವನ್ನು ದೇವರಿಗೆ ಸಲ್ಲಬೇಕಾದದ್ದೆಂದು ಎಣಿಸಿ, ಇನ್ನೂ ಕೆಡದಿರುವ ನೀರಿಗೂ ಇನ್ನೂ ಹುಟ್ಟದ ಜೀವಿಗಳಿಗೂ ಕಸ ಆರಿಸುವ ಕೈಗಳಿಗೂ ಸಲ್ಲಿಸಬಲ್ಲೆವು.

ಹೀಗೆ ಸಲ್ಲಿಸುವುದರ ಮೊದಲ ಭಾಗ ನಿಲ್ಲಿಸುವುದು. ಹಡಗುಗಳಿಂದ ಸಮುದ್ರಕ್ಕೆ ಪ್ಲಾಸ್ಟಿಕ್ ಎಸೆಯುವುದನ್ನು ಅಂತರರಾಷ್ಟ್ರೀಯ ನಿಯಮವು 1988ರ ಕೊನೆಯಿಂದ ನಿಷೇಧಿಸಿದೆ. ಕರ್ನಾಟಕ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳ ಮೇಲೆ ನಿಷೇಧ ಹೊರಡಿಸಿತು. 2022ರ ಜುಲೈ 1ರಿಂದ ದೇಶಾದ್ಯಂತ ಒಂದೇ ಸಲ ಬಳಸುವ ಹಲವು ವಸ್ತುಗಳು ನಿಷಿದ್ಧವಾದವು. 2022ರ ಮಾರ್ಚ್ ತಿಂಗಳಲ್ಲಿ ನೈರೋಬಿಯಲ್ಲಿ ವಿಶ್ವಸಂಸ್ಥೆಯ ಪರಿಸರ ಸಭೆಯು ಜಾಗತಿಕ ಒಪ್ಪಂದವೊಂದಕ್ಕೆ ನಿರ್ಧರಿಸಿತು. ಆದರೆ 2024ರ ಕೊನೆಯಲ್ಲಿ ಬುಸಾನಿನಲ್ಲೂ 2025ರ ಆಗಸ್ಟ್ ತಿಂಗಳಲ್ಲಿ ಜಿನೀವದಲ್ಲೂ ಸೇರಿದ ರಾಷ್ಟ್ರಗಳು ಒಮ್ಮತಕ್ಕೆ ಬರಲಿಲ್ಲ. ಮುಖ್ಯ ಭಿನ್ನಾಭಿಪ್ರಾಯ ಪ್ಲಾಸ್ಟಿಕ್ಕಿನ ತಯಾರಿಕೆಗೇ ಮಿತಿ ಹಾಕಬೇ‍ಕೋ ಕಸದ ನಿರ್ವಹಣೆ ಸಾಕೋ ಎಂಬುದು. ಹಾಕಲು ‘ಹೊರಗೆ’ ಇಲ್ಲವೆಂದು ಒಪ್ಪಿದವರು ತಯಾರಿಕೆಯ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರರು.

ಎರಡನೆಯ ಭಾಗ ನಮ್ಮ ಆರಾಧನೆಗೆ ಸೇರಿದ್ದು. 1997ರಲ್ಲಿ ಕಾನ್‌ಸ್ಟಾಂಟಿನೋಪಲಿನ ಮೂಲಪಿತೃ ಬಾರ್ಥೊಲೊಮಿಯೊ ಅವರು ನಿಸರ್ಗಕ್ಕೆ ಮಾಡುವ ಹಾನಿಯನ್ನು ಪಾಪವೆಂದು ನೇರವಾಗಿ ಹೆಸರಿಸಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರ ‘ಲೌದಾತೊ ಸೀ’ ಎಂಬ ವಿಶ್ವಪತ್ರವು ಆ ನುಡಿಯನ್ನು ಮುಂದುವರಿಸಿತು. ನಮ್ಮ ಸಾಮಾನ್ಯ ಪಾಪನಿವೇದನೆಯಲ್ಲಿಯೂ ಇದು ಸ್ಪಷ್ಟ ನಾಮದಿಂದ ಬರಬೇಕು. ಪ್ರೀತಿಭೋಜನದ ನಂತರ ದೇವಾಲಯದ ಅಂಗಳದಲ್ಲಿ ಉಳಿಯುವ ಲೋಟ ತಟ್ಟೆಗಳನ್ನು ಕಂಡೂ ಸೃಷ್ಟಿಯ ಕುರಿತು ಪ್ರಾರ್ಥಿಸುವ ಸಭೆಯ ಪ್ರಾರ್ಥನೆ ಅಪೂರ್ಣ. ಸ್ಟೀಲಿನ ಲೋಟವನ್ನು ತೊಳೆದಿಡುವ ಕೆಲಸವನ್ನು ಸಭೆಯ ಹೆಂಗಸರಿಗೆ ಮಾತ್ರ ಬಿಡದೆ ಎಲ್ಲರೂ ಹಂಚಿಕೊಂಡರೆ ಅದೂ ಸಲ್ಲಿಕೆಯೇ. ಕರಾವಳಿಯ ಸಭೆಗಳು ಮೀನುಗಾರರೊಂದಿಗೆ ಕೂತು, ಹರಿದ ನೈಲಾನ್ ಬಲೆಗಳು ಸಮುದ್ರಕ್ಕೆ ಹೋಗದೆ ದಡಕ್ಕೆ ಬರುವ ದಾರಿಯನ್ನು ಹುಡುಕಬಹುದು.

ಉಪಸಂಹಾರ

ದೇವರು ಕ್ರಿಸ್ತನ ಮೂಲಕ ಸಮಸ್ತವನ್ನೂ ತನಗೆ ಸಂಧಾನಪಡಿಸಿಕೊಳ್ಳುವನೆಂಬುದು ನಮ್ಮ ನಿರೀಕ್ಷೆ (ಕೊಲೊಸ್ಸೆ 1:20). ಸಮಸ್ತ ಎಂಬುದರಲ್ಲಿ ಹನ್ನೊಂದು ಸಾವಿರ ಮೀಟರಿನ ಕೆಳಗಿನ ಕತ್ತಲೆಯೂ ಅಲ್ಲಿನ ಜೀವಿಯೂ ಸೇರಿವೆ. ಈ ನಿರೀಕ್ಷೆಯನ್ನು, ದೇವರು ಹೇಗೂ ಎಲ್ಲವನ್ನೂ ಹೊಸದು ಮಾಡುವನು ಎಂಬ ಸೋಮಾರಿತನಕ್ಕೆ ಬಳಸಬಾರದು. ಸಮುದ್ರವು ತನ್ನಲ್ಲಿದ್ದ ಸತ್ತವರನ್ನು ಒಪ್ಪಿಸುವುದೆಂದು ಪ್ರಕಟನೆಯ ಗ್ರಂಥ ಹೇಳುತ್ತದೆ (20:13). ದೇವರ ನ್ಯಾಯತೀರ್ಪಿನ ದಿನದಲ್ಲಿ ಸಮುದ್ರವು ಏನನ್ನೂ ಬಚ್ಚಿಡುವುದಿಲ್ಲ.

ಮೀಕನ ಮಾತನ್ನು ಸಾರುವುದನ್ನು ನಾವು ನಿಲ್ಲಿಸಬೇಕಾಗಿಲ್ಲ. ಅದನ್ನು ಪೂರ್ತಿಯಾಗಿ ಸಾರಬೇಕು. ನಮ್ಮ ಪಾಪವು ಆಳಕ್ಕೆ ಹೋಯಿತೆಂದು ಆಶ್ವಾಸನೆ ನೀಡುವ ಸಭಾಪಾಲಕನು, ಆ ಆಳ ದೇವರದೆಂದೂ ಅಲ್ಲಿ ದೇವರು ಆಶೀರ್ವದಿಸಿದ ಜೀವಿಗಳಿವೆಯೆಂದೂ ಅದೇ ಉಸಿರಿನಲ್ಲಿ ಹೇಳಲಿ. ಕ್ಷಮೆ ಹೊಂದಿದವರು ಕೈ ಬಿಡಿಸಿಕೊಂಡವರಲ್ಲ. ಹೊರೆ ಇಳಿದುದರಿಂದ ಅವರ ಕೈಗಳು ಈಗ ಕೆಲಸಕ್ಕೆ ಬಿಡುವಾಗಿವೆ.